ಏರಿನಲ್ಲಿ ಮುಗ್ಗರಿಸುತ್ತಿದ್ದ ಬೈಕ್‌ಗೆ ಹೊಸ ವಾಲ್ವ್ ಸ್ಪ್ರಿಂಗ್

ಬದಿಯಡ್ಕದಿಂದ ಪೆರ್ಲ ಕಡೆಗೆ ಹೋಗುವಾಗ ಏರಿನಲ್ಲಿ ಜೋರಾಗಿ ಎಳೆದರೆ ಸಾಕು, ನನ್ನ ಹಳೆಯ ಬೈಕ್ ಪಟಪಟ ಎಂದು ಮುಗ್ಗರಿಸುತ್ತಿತ್ತು. ನಿಧಾನಕ್ಕೆ ಹೋದರೆ ಏನೂ ಇಲ್ಲ. ಪ್ಲಗ್ ಬದಲಿಸಿದೆ, ಕಾರ್ಬ್ಯುರೇಟರ್ ತೊಳೆದೆ, ಪ್ರಯೋಜನವಾಗಲಿಲ್ಲ.

ಕೊನೆಗೆ ಎಂಜಿನ್‌ನ ಮೇಲ್ಭಾಗದ ಹೆಡ್ ಬಿಚ್ಚಿ, ವಾಲ್ವ್‌ಗಳನ್ನು (ಎಂಜಿನ್‌ನ ಒಳಗೆ-ಹೊರಗೆ ಅನಿಲ ಬಿಡುವ ಮುಚ್ಚಳಗಳನ್ನು) ಮುಚ್ಚಿಸುವ ಸ್ಪ್ರಿಂಗ್‌ಗಳನ್ನು ಗಾಜಿನ ಮೇಲೆ ನಿಲ್ಲಿಸಿ ವರ್ನಿಯರ್‌ನಲ್ಲಿ ಅಳೆದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಕಡೆಯದ್ದು ಹೊಸದಕ್ಕಿಂತ 2 ಮಿ.ಮೀ. ಗಿಡ್ಡ! ಬಿಸಿಯಲ್ಲಿ ಬೆಂದು ಕುಂದಿದ ಸ್ಪ್ರಿಂಗ್, ವೇಗ ಏರಿದಾಗ ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಿಸಲಾರದು.

"ಇನ್ನೂ ಗಟ್ಟಿಯದ್ದೇ ಹಾಕುವನಾ ಅಣ್ಣಾ?" ಅಂತ ವರ್ಕ್‌ಶಾಪಿನವರನ್ನು ಕೇಳಿದೆ.

"ಬೇಡ ಮಾರಾಯ, ಕ್ಯಾಮ್ ಸವೆದು ಹೋದೀತು" ಅಂದರು. ಅವರ ಮಾತು ಸರಿ. ವಾಲ್ವನ್ನು ಒತ್ತಿ ತೆರೆಯುವುದು ಕ್ಯಾಮ್; ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದರ ಮೇಲೆ ಒತ್ತಡ ಹೆಚ್ಚು.

ಮೊದಲಿನಷ್ಟೇ ಬಿಗಿತದ, ಆದರೆ ಕ್ರೋಮ್-ಸಿಲಿಕಾನ್ ತಂತಿಯ, ಶಾಟ್ ಪೀನಿಂಗ್ ಮಾಡಿದ ಸ್ಪ್ರಿಂಗ್ ತಂದೆ. ಆ ಉಕ್ಕು ಬಿಸಿಗೆ ಬೇಗ ಸೋಲುವುದಿಲ್ಲ. ಸಣ್ಣ ಗುಂಡುಗಳ ಹೊಡೆತ ತಿಂದ ಮೈಗೆ ಬಿರುಕು ಸುಲಭಕ್ಕೆ ಹತ್ತುವುದಿಲ್ಲ. ಜೋಡಿಸುವಾಗ ತಂತಿಗೆ ಇಕ್ಕಳ ತಾಗಿಸಲೇ ಇಲ್ಲ, ಬಿರುಕು ಶುರುವಾಗಲು ಒಂದು ಗೀರು ಸಾಕು. ಸ್ಪ್ರಿಂಗಿನ ಒಂದು ತುದಿಯಲ್ಲಿರುವ ಒತ್ತೊತ್ತಾದ ಸುತ್ತುಗಳನ್ನು ಹೆಡ್ ಕಡೆಗೇ ಇಟ್ಟೆ, ಓಡಾಡುವ ಭಾಗದ ತೂಕ ಕಡಿಮೆಯಾಗಲಿ ಅಂತ. ವಾಲ್ವ್ ಪೂರ್ತಿ ತೆರೆದಾಗಲೂ ಸುತ್ತುಗಳ ನಡುವೆ ಸಂದು ಉಳಿದಿದೆಯೇ ಎಂದು ಎಂಜಿನ್ ಕೈಯಲ್ಲಿ ತಿರುಗಿಸಿ ನೋಡಿದೆ.

ಮರುದಿನ ಅಡಿಕೆ ಚೀಲ ಹೇರಿಕೊಂಡೇ ಅದೇ ಏರು ಹತ್ತಿಸಿದೆ. ಒಮ್ಮೆಯೂ ಮುಗ್ಗರಿಸಲಿಲ್ಲ.