ಜುಲೈ ತಿಂಗಳ ಇಲಿಗಳು ಯಾಕೆ ಹೆದರ್ಕೊಂಡಿದ್ವು

ಶಿವಮೊಗ್ಗದಲ್ಲಿ ಎಂ.ಫಾರ್ಮ (ಔಷಧಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡ್ವಾಗ ನನ್ನ ಪ್ರಾಜೆಕ್ಟು ಆಂಗ್ಸೈಟಿ, ಅಂದ್ರೆ ಆತಂಕದ ಮೇಲೆ, ಸ್ವಿಸ್ ಆಲ್ಬಿನೊ ಇಲಿಗಳಲ್ಲಿ. ಔಷಧಿ ಕಥೆ ಬಿಡಿ, ನನ್ನ ತಲೆ ಕೆಡಿಸಿದ್ದು ಔಷಧಿನೇ ಕೊಡದ ಕಂಟ್ರೋಲ್ ಗುಂಪು. ಎಲಿವೇಟೆಡ್ ಪ್ಲಸ್ ಮೇಜ್ ಅಂದ್ರೆ ಎತ್ತರದಲ್ಲಿ ಪ್ಲಸ್ ಆಕಾರದ ಹಲಗೆ, ಎರಡು ಕಡೆ ಗೋಡೆ ಇರತ್ತೆ ಎರಡು ಕಡೆ ಬಯಲು, 5 ನಿಮಿಷ ಬಿಟ್ಟು ನೋಡೋದು, ಹೆದರಿದ ಇಲಿ ಬಯಲಿಗೆ ಬರಲ್ಲ. ಮಾರ್ಚಲ್ಲಿ ಪೈಲಟ್, ಅಂದ್ರೆ ಸಣ್ಣದಾಗಿ ಪೂರ್ವ ಪ್ರಯೋಗ ಮಾಡಿದಾಗ ಆರಾಮಾಗಿ ಓಡಾಡಿದ್ವು. ಜುಲೈಯಲ್ಲಿ ಅದೇ ತಳಿ, ಅದೇ ವಯಸ್ಸು, ಮೂಲೆ ಬಿಟ್ಟು ಅಲ್ಲಾಡ್ತಿಲ್ಲ. ಒಂದಂತೂ ಐದು ನಿಮಿಷನೂ ಮೂತಿ ಹೊರಗೆ ಚಾಚೋದು, ಮೀಸೆ ಅಲ್ಲಾಡಿಸೋದು, ವಾಪಸ್ ಎಳ್ಕೊಳ್ಳೋದು ಇಷ್ಟೇ.

ಗೈಡು ಸ್ಕೋರಿಂಗ್ ತಪ್ಪಿರ್ಬೇಕು ಅಂದ್ರು. ವೀಡಿಯೊ ಮತ್ತೆ ನೋಡಿದೆ, ತಪ್ಪಿರ್ಲಿಲ್ಲ.

ಆಮೇಲೆ ಅನಿಮಲ್ ಹೌಸಲ್ಲಿ ಸುಮ್ನೆ ಕೂತು ನೋಡ್ದಾಗ ಒಂದೊಂದೇ ಹೊಳೀತು. ಈ ಸಲ ಗಂಡಿಲಿ ಕಚ್ಚಾಡ್ತವೆ ಅಂತ ನಾನೇ ಒಂದೊಂದನ್ನ ಬೇರೆ ಬೇರೆ ಪಂಜರಕ್ಕೆ ಹಾಕಿದ್ದೆ. ರೂಮು 21 ಡಿಗ್ರಿ. ಇಲಿ ಮೈಗೆ ಹಿತ ಅನ್ಸೋದು 30ರ ಹತ್ರ, ಗುಂಪಲ್ಲಿದ್ರೆ ಒಂದರ ಮೇಲೊಂದು ಬಿದ್ದು ಬೆಚ್ಚಗಿರ್ತವೆ, ಒಂಟಿಗೆ ಅದೂ ಇಲ್ಲ, ನಾವು ಕಂಬಳಿ ಹೊದ್ದು ಮಲ್ಗೋ ಮಳೆಯಲ್ಲಿ ಅದಕ್ಕೆ ತೆಳ್ಳಗೆ ಹರಡಿದ ಭತ್ತದ ಉಮಿ ಅಷ್ಟೇ, ಅದೂ ಥಂಡಿ ಹಿಡಿದು ಮುಚ್ಚಳ ತೆಗೆದ್ರೆ ಅಮೋನಿಯಾಕ್ಕೆ ಕಣ್ಣುರಿ. ಕರೆಂಟ್ ಹೋದ್ರೆ ಗೋಡೆ ಆಚೆ ಜನರೇಟರ್ ಸದ್ದು. ಇನ್ನೊಂದು, ಪಂಜರ ತೊಳೆಯೋದು ಸೋಮವಾರ ಬೆಳಿಗ್ಗೆ, ನನ್ನ ಟೆಸ್ಟೂ ಸೋಮವಾರನೇ! ಅಟೆಂಡರ್‌ಗೆ ಕೇಳಿದ್ರೆ "ಕ್ಲೀನಾಗಿರ್ಬೇಕು ಅಂತ ನೀವೇ ಹೇಳಿದ್ರಲ್ಲ ಮೇಡಂ, ಅದ್ಕೇ ಟೆಸ್ಟ್ ದಿನನೇ ತೊಳ್ದೆ" ಅಂದ್ರು. ಎಂತ ಹೇಳೋದು, ತನ್ನದೇ ವಾಸನೆ ಇಲ್ಲದ ಪಂಜರ ಇಲಿಗೆ ಪರಊರು ಅಂತ ನಂಗೇ ಹೊಳೆದಿರ್ಲಿಲ್ಲ.

ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಕಾದು ಹೊಸ ಬ್ಯಾಚ್ ತಗೊಂಡೆ. ತಾಯಿ ಹಾಲು ಬಿಡಿಸಿದಾಗಿಂದ್ಲೇ ಅಣ್ಣತಮ್ಮಂದಿರನ್ನ ಮೂರು ನಾಲ್ಕರಂತೆ ಒಟ್ಟಿಗೆ, ನಡುವೆ ಹೊಸಬರನ್ನ ಸೇರಿಸೋದಿಲ್ಲ, ಸೇರಿಸಿದ್ರೆ ರಕ್ತ ಬರೋ ತನಕ ಕಚ್ಚಾಡ್ತವೆ. ವಾಸನೆ ಹಾಕದ ಟಿಶ್ಯೂ ಪೇಪರ್ ಕೊಟ್ಟೆ, ರಾತ್ರಿಯಿಡೀ ಹಲ್ಲಲ್ಲಿ ಸೀಳಿ ಸೀಳಿ ಬೆಳಿಗ್ಗೆ ನೋಡಿದ್ರೆ ಗೀಜಗನ ಗೂಡಿನ ಥರ ಉಂಡೆ, ನಡುವೆ ತೂತು, ಒಳಗೆ ನಾಲ್ಕು ಬೆನ್ನು. ಉಮಿ ಬದಲಾಯಿಸುವಾಗ ಆ ಹಳೇ ಗೂಡನ್ನ ಮಾತ್ರ ಹೊಸ ಪಂಜರಕ್ಕೆ ಹಾಕ್ತಿದ್ವಿ, ಉಚ್ಚೆ ಉಮಿ ಬೇಡ, ಅದ್ರಿಂದ ಜಗಳ ಹೆಚ್ಚು. ಬಾಲ ಹಿಡಿದು ಎತ್ತೋದೂ ಬಿಟ್ಟೆ, ರಟ್ಟಿನ ಕೊಳವೆ ಇಟ್ರೆ ಅದೇ ಒಳಗೆ ಹೋಗತ್ತೆ. ಬಾಲದಲ್ಲಿ ಎತ್ತಿದ್ರೆ ಆಂಗ್ಸೈಟಿ ಹೆಚ್ಚತ್ತೆ ಅಂತ ಇಂಗ್ಲೆಂಡಿನ ಲಿವರ್‌ಪೂಲ್‌ನವರು 2010ರಲ್ಲೇ ತೋರಿಸಿದ್ರು, ನಮಗೆ ಪ್ರಾಕ್ಟಿಕಲ್ಸಲ್ಲಿ ಕಲಿಸಿದ್ದು ಮಾತ್ರ ಬಾಲನೇ.

ಬಯಲಿಗೆ ಮತ್ತೆ ಬಂದ್ವು. ಆದ್ರೆ ಎಲ್ಲಾ ಒಟ್ಟಿಗೆ ಬದಲಾಯಿಸಿದ್ದಕ್ಕೆ ಯಾವ್ದರಿಂದ ಸರಿಹೋಯ್ತು ಅಂತ ನಾನು ಹೇಳಕ್ಕಾಗಲ್ಲ, ಅದು ನನ್ನ ದಡ್ಡತನ. ಒಂಟಿ ಇಟ್ರೆ ಹೆದರ್ತವೆ ಅಂತ ಕಣ್ಣು ಮುಚ್ಕೊಂಡು ಬರೀಲೂಬೇಡಿ, ತಳಿ, ವಯಸ್ಸು, ಗಂಡು ಹೆಣ್ಣು ನೋಡ್ಕೊಂಡು ರಿಸಲ್ಟ್ ತಿರುಗತ್ತೆ, ಓಪನ್ ಫೀಲ್ಡ್ ಅಂತ ಇನ್ನೊಂದು ಟೆಸ್ಟಲ್ಲಿ, ಅಂದ್ರೆ ಖಾಲಿ ಪೆಟ್ಟಿಗೇಲಿ ಬಿಟ್ಟು ನೋಡೋದ್ರಲ್ಲಿ, ಒಂಟಿ ಇಲಿ ಜಾಸ್ತಿ ಓಡೋದೂ ಉಂಟು.

ಜುಲೈ ಡೇಟಾ ಬಿಸಾಡ್ಲಿಲ್ಲ. ಥೀಸಿಸ್ ಕೊನೇಲಿ ಹಾಕಿದೀನಿ, ಪಂಜರಕ್ಕೆ ಎಷ್ಟು ಇಲಿ, ತೊಳೆದ ದಿನ ಯಾವ್ದು ಅಂತ ಎರಡು ಕಾಲಂ ಸೇರಿಸಿ.