ರೇಡಿಯೋ ಬಂದ್ ಮಾಡಿ ಹುತ್ತದ ಮುಂದೆ ಕುಳಿತದ್ದು: ಮಸಾಯ್ ಮಾರಾದಲ್ಲಿ ನನ್ನ ಅನುಭವ

2025ರ ಫೆಬ್ರವರಿಯಲ್ಲಿ ಕೀನ್ಯಾದ ವನ್ಯಧಾಮ ಮಸಾಯ್ ಮಾರಾದಿಂದ ಹಿಂತಿರುಗಿದ ಮೇಲೆ, ನನ್ನಂತೆಯೇ ಫೋಟೋಗ್ರಫಿ ಸಫಾರಿಗಳಿಗೆ ಜನರನ್ನು ಕರೆದೊಯ್ಯುವ ಮೂವರು ಗೆಳೆಯರು ಬೇರೆ ಬೇರೆ ದಿನ ಕರೆ ಮಾಡಿ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು: ಚೀತಾ ಬೇಟೆಯ ಆ ಚಿತ್ರಸರಣಿಯ ಹಿನ್ನೆಲೆಯಲ್ಲಿ ಒಂದು ಗಾಡಿಯೂ ಕಾಣುತ್ತಿಲ್ಲವಲ್ಲ, ಕಂಪ್ಯೂಟರಿನಲ್ಲಿ ಅಳಿಸಿದ್ದೇ? ಅಳಿಸಿಲ್ಲ. ಅಲ್ಲಿ ಬೇರೆ ಗಾಡಿ ಇರಲೇ ಇಲ್ಲ. ಈ ಮೂವರಲ್ಲಿ ಇಬ್ಬರು, 2019ರಲ್ಲಿ ನನ್ನ ಯೋಜನೆಯನ್ನು ಕೇಳಿ, ಲಕ್ಷಗಟ್ಟಲೆ ಕೊಟ್ಟು ಬಂದವರನ್ನು ಹುಲ್ಲಿನ ಮುಂದೆ ಕೂರಿಸಿದರೆ ಎರಡನೆಯ ಸಲ ನಾಯಿಯೂ ನಿನ್ನ ಜೊತೆ ಬರುವುದಿಲ್ಲ ಎಂದವರು. ಆದ್ದರಿಂದ ಇದನ್ನು ಬರೆಯುವಾಗ ಸ್ವಲ್ಪ ಜಂಬ ಇಣುಕಿದರೆ ಓದುಗರು ಸಹಿಸಿಕೊಳ್ಳಬೇಕು.

ಪದ್ಧತಿ ಎನ್ನುವಷ್ಟು ದೊಡ್ಡದೇನೂ ಇಲ್ಲ. ಗಾಡಿಗೆ ಮೂವರೇ, ಒಬ್ಬೊಬ್ಬರಿಗೆ ಸೀಟಿನ ಒಂದೊಂದು ಸಾಲು. ಬೆಳಿಗ್ಗೆ 6 ಗಂಟೆಗೆ ಗೇಟು ತೆರೆದೊಡನೆ ಒಳಹೊಕ್ಕವರು ಸಂಜೆಯವರೆಗೆ ಒಂದೇ ಪ್ರಾಣಿಯ ಬಳಿ ಅಥವಾ ಒಂದೇ ಜಾಗದಲ್ಲಿ ಇರುತ್ತೇವೆ. ಊಟ ಗಾಡಿಯಲ್ಲೇ. ಬೇರೆ ಚಾಲಕರು ಏನೇನು ಕಂಡರೆಂದು ರೇಡಿಯೋದಲ್ಲಿ ಕೂಗುವುದನ್ನು ಕೇಳುವುದಿಲ್ಲ. ಇಷ್ಟನ್ನು ಮಾಡಿ ತೋರಿಸಲು ನನಗೆ ಆರು ವರ್ಷ ಹಿಡಿಯಿತು, ನಡುವೆ ಕೋವಿಡ್ ಎರಡನ್ನು ನುಂಗಿತು.

ಮೊದಲ ಪ್ರವಾಸ 2017ರ ಆಗಸ್ಟಿನಲ್ಲಿ. ಛಾವಣಿ ಮೇಲೇಳುವ ವ್ಯಾನಿನಲ್ಲಿ ಏಳು ಜನರನ್ನು ತುಂಬಿಕೊಂಡು ಎಲ್ಲರಂತೆ ರೇಡಿಯೋದ ಹಿಂದೆ ಓಡಿದೆ. ಒಂದು ಚೀತಾದ ಸುತ್ತ ಮೂವತ್ತಕ್ಕೂ ಹೆಚ್ಚು ಗಾಡಿಗಳನ್ನು ಎಣಿಸಿದ್ದು ನೆನಪಿದೆ. ಬೆಕ್ಕಿನ ಜಾತಿಯ ಪ್ರಾಣಿಯ ಬಳಿ ಒಮ್ಮೆಗೆ ಐದೇ ಗಾಡಿಗಳಿರಬೇಕೆಂಬ ನಿಯಮ ಫಲಕದ ಮೇಲಷ್ಟೇ ಇತ್ತು. ಊರಿಗೆ ಬಂದು ಚಿತ್ರಗಳನ್ನು ತೆರೆದಾಗ ಪ್ರತಿ ಚೀತಾದ ಕಿವಿಯ ಪಕ್ಕಕ್ಕೂ ಯಾರದೋ ಗಾಡಿಯ ಬಂಪರ್. ಅದರಲ್ಲಿ ನನಗೆ ಉಳಿದದ್ದು ಸುಮಾರು 60,000 ರೂಪಾಯಿ. ನಾಚಿಕೆ ಮಾತ್ರ ಅದಕ್ಕಿಂತ ಹೆಚ್ಚಿತ್ತು.

2019ರ ಜುಲೈನಲ್ಲಿ ಮೊದಲ ಬಾರಿಗೆ ರೇಡಿಯೋ ಬಂದ್ ಮಾಡಿದೆ, ಆದರೆ ತಪ್ಪು ಜಾಗದಲ್ಲಿ. ವೈಲ್ಡ್‌ಬೀಸ್ಟ್ (ದನದಂಥ ದೊಡ್ಡ ಹುಲ್ಲೆ) ಹಿಂಡು ವಲಸೆಯಲ್ಲಿ ಮಾರಾ ನದಿಯನ್ನು ದಾಟುವ ಒಂದು ಕಡವಿನ ಎದುರು ಎರಡೂವರೆ ದಿನ ಕುಳಿತೆವು. ಹಿಂಡು ದಡಕ್ಕೆ ಬರುವುದು, ಧೂಳೆಬ್ಬಿಸುವುದು, ಮುಂದಿನ ಸಾಲು ನೀರನ್ನು ಮೂಸುವುದು, ಏನನ್ನೋ ನೋಡಿ ಬೆದರಿ ಅಷ್ಟೂ ಹಿಂದಕ್ಕೆ ಹೋಗುವುದು: ಹೀಗೆ ಏಳೆಂಟು ಸಲ. ಮೂರನೆಯ ಬೆಳಿಗ್ಗೆ ನಮ್ಮ ತಂಡದಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ, "ನೋಡಿ, ಮೂರು ಲಕ್ಷ ಖರ್ಚು ಮಾಡಿ ನದಿಯ ದಡದಲ್ಲಿ ಕೂರುವುದಾಗಿದ್ದರೆ ನಾನು ಶ್ರೀರಂಗಪಟ್ಟಣದಲ್ಲೇ ಕೂರುತ್ತಿದ್ದೆ" ಎಂದರು. ಉತ್ತರ ಹೊಳೆಯದೆ ಗಾಡಿ ತಿರುಗಿಸಿದೆವು. ನಾವು ಹೊರಟ ಮುಕ್ಕಾಲು ಗಂಟೆಗೆ ಹಿಂಡು ದಾಟಿತೆಂಬುದನ್ನು ರಾತ್ರಿ ಕ್ಯಾಂಪಿನ ಊಟದ ಮೇಜಿನಲ್ಲಿ ಬೇರೆಯವರ ಬಾಯಿಂದ ಕೇಳಬೇಕಾಯಿತು. ಇಬ್ಬರಿಗೆ ಸ್ವಲ್ಪ ಹಣ ಹಿಂತಿರುಗಿಸಿದೆ. ಎಲ್ಲ ಸೇರಿ ಒಂದು ಲಕ್ಷದ ಮೇಲೆ ಕೈಬಿಟ್ಟಿತು.

ಆ ಸೋಲಿನಿಂದ ಒಂದು ವಿಷಯ ಸ್ಪಷ್ಟವಾಯಿತು. ಹಿಂಡಿಗೆ ವಿಳಾಸವಿಲ್ಲ. ಅದು ಯಾವ ಕಡವಿನಲ್ಲಿ, ಯಾವಾಗ ದಾಟುತ್ತದೆಂಬುದು ಅದಕ್ಕೇ ಗೊತ್ತಿರುವುದಿಲ್ಲ. ಕಾಯುವುದಾದರೆ ವಿಳಾಸವಿರುವ ಪ್ರಾಣಿಯನ್ನು ಕಾಯಬೇಕು: ಗವಿಯಲ್ಲಿ ಮರಿ ಇಟ್ಟ ಕತ್ತೆಕಿರುಬ, ಹಳ್ಳದ ಬದಿಯ ಪೊದೆಯಲ್ಲಿ ಮರಿಗಳನ್ನು ಬಚ್ಚಿಟ್ಟ ಸಿಂಹಿಣಿ, ಹಿಂದೆಮುಂದೆ ಓಡಾಡಲಾಗದಷ್ಟು ಚಿಕ್ಕ ಮರಿಗಳಿರುವ ಚೀತಾ ತಾಯಿ. ಚೀತಾದ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಸಿಂಹ ಮತ್ತು ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಅದು ಹೆಚ್ಚಾಗಿ ಹಗಲಿನಲ್ಲೇ ಬೇಟೆಯಾಡುತ್ತದೆ, ಅದರಲ್ಲೂ ಇತರ ಗಾಡಿಗಳೆಲ್ಲ ಊಟಕ್ಕೂ ನಿದ್ದೆಗೂ ಹಿಂತಿರುಗಿದ ಹೊತ್ತಿನಲ್ಲಿ ಬೇಟೆಗೆ ಇಳಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹನ್ನೊಂದರಿಂದ ಮೂರರವರೆಗಿನ ಆ ನಾಲ್ಕು ಗಂಟೆಗಳೇ ನನ್ನ ಬಂಡವಾಳ.

2022ರಲ್ಲಿ ಮತ್ತೆ ಹೋದಾಗ ಎದುರಾದ ತೊಡಕು ಪ್ರಾಣಿಗಳದ್ದಲ್ಲ, ಚಾಲಕರದ್ದು. ಮಸಾಯ್ ಚಾಲಕರ ಕಣ್ಣಿನ ಮುಂದೆ ನಮ್ಮ ಕಣ್ಣು ಲೆಕ್ಕಕ್ಕಿಲ್ಲ. ಆದರೂ ಅವರು ಒಂದೇ ಕಡೆ ನಿಲ್ಲಲು ಒಪ್ಪುತ್ತಿರಲಿಲ್ಲ. ಅರ್ಧ ಗಂಟೆಯಾದರೆ ಕೈ ತಾನಾಗಿ ಕೀಲಿಗೆ ಹೋಗುತ್ತಿತ್ತು. ಎರಡು ದಿನ ಇದನ್ನು ಚಟವೆಂದುಕೊಂಡಿದ್ದೆ. ಮೂರನೆಯ ದಿನ ನಮ್ಮ ಚಾಲಕನೇ ಬಿಡಿಸಿ ಹೇಳಿದ: ಸಿಂಹ, ಚಿರತೆ, ಆನೆ, ಎಮ್ಮೆ, ಘೇಂಡಾಮೃಗ ಎಂದು ಪಟ್ಟಿ ತುಂಬಿದರೆ ಮಾತ್ರ ಅತಿಥಿಗಳು ಕೊನೆಯ ದಿನ ಲಕೋಟೆಯನ್ನು ದಪ್ಪ ಮಾಡುತ್ತಾರೆ, ಏನೂ ಕಾಣದಿದ್ದರೆ ಕೈಕುಲುಕಿ ಹೋಗುತ್ತಾರೆ. ಅಂದಿನಿಂದ ಬಕ್ಷೀಸನ್ನು ಪ್ರವಾಸದ ದರದಲ್ಲೇ ಸೇರಿಸಿ, ಅರ್ಧವನ್ನು ಮೊದಲ ದಿನ ಬೆಳಿಗ್ಗೆ ಗಾಡಿ ಹತ್ತುವ ಮೊದಲೇ ಕೈಗಿಡುತ್ತೇನೆ, ಉಳಿದರ್ಧ ಕೊನೆಯ ದಿನ, ಏನು ಕಂಡರೂ ಕಾಣದಿದ್ದರೂ ಅಷ್ಟೇ. ತಲೆಗೆ ದಿನಕ್ಕೆ ಸುಮಾರು 20 ಡಾಲರ್ ಬೀಳುತ್ತದೆ. ಲೆನ್ಸಿಗೆ ಸುರಿದ ಯಾವ ಹಣವೂ ಇದರಷ್ಟು ಕೆಲಸ ಮಾಡಿಲ್ಲ. ಈಗ ಅದೇ ಚಾಲಕ, ಎದ್ದು ಹೋಗೋಣವೆಂದು ನಾನೇ ತಡವರಿಸಿದರೂ "ಪೋಲೆ ಪೋಲೆ" ಎಂದು ಸ್ವಾಹಿಲಿಯಲ್ಲಿ ನನಗೇ ನಿಧಾನದ ಪಾಠ ಹೇಳುತ್ತಾನೆ.

ಅದೇ ವರ್ಷ ನವೆಂಬರಿನ ಮಳೆಯಲ್ಲಿ ನನ್ನ ಇನ್ನೊಂದು ಪೆದ್ದುತನ ಬಯಲಾಯಿತು. ಮಾರಾದ ಬಹುಭಾಗ ಎರೆಮಣ್ಣು. ಗದಗ, ಧಾರವಾಡದ ಕಡೆಯವರಿಗೆ ಅದು ನೆನೆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಲ್ಯಾಂಡ್ ಕ್ರೂಸರ್ ಅಚ್ಚಿನವರೆಗೆ ಹೂತಿತು, ಮೂರು ಗಂಟೆ ಕದಲಲಿಲ್ಲ. ಯಾರನ್ನಾದರೂ ಕರೆಯೋಣವೆಂದರೆ, ಆರಿಸಿಟ್ಟರೂ ಮತ್ತೆ ಮತ್ತೆ ಹಚ್ಚುತ್ತಾರೆಂದು ನಾನೇ ರೇಡಿಯೋವನ್ನು ಕಳಚಿಸಿ ಕ್ಯಾಂಪಿನಲ್ಲಿ ಇಡಿಸಿ ಬಂದಿದ್ದೆ. ಈಗ ಅದು ಗಾಡಿಯಲ್ಲೇ ಇರುತ್ತದೆ, ಆದರೆ ಆರಿರುತ್ತದೆ.

ಹಣದ ದೊಡ್ಡ ಪೆಟ್ಟು ಬಿದ್ದದ್ದು 2024ರಲ್ಲಿ. ಆ ವರ್ಷದ ಜನವರಿಯಿಂದ ಮಾರಾದ ಪ್ರವೇಶ ಶುಲ್ಕ ವಿದೇಶಿಯರಿಗೆ ದಿನಕ್ಕೆ ಜೂನ್‌ವರೆಗೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್ ಆಯಿತು. ನಾನು ಆಗಸ್ಟಿನ ತಂಡಕ್ಕೆ ಹಳೆಯ 80 ಡಾಲರಿನ ಲೆಕ್ಕದಲ್ಲಿ ವರ್ಷಕ್ಕೆ ಮುಂಚೆಯೇ ದರ ಹೇಳಿ ಮುಂಗಡ ಪಡೆದಿದ್ದೆ. ಆರು ಜನ, ಆರು ದಿನ, ತಲೆಗೆ ದಿನಕ್ಕೆ 120 ಡಾಲರ್ ವ್ಯತ್ಯಾಸ: ಮೂರೂವರೆ ಲಕ್ಷಕ್ಕೂ ಮೀರಿತು. ಅರ್ಧವನ್ನು ತಂಡ ಹೊತ್ತಿತು, ಅರ್ಧವನ್ನು ನಾನು. ಸಾಲದ್ದಕ್ಕೆ ಟಿಕೆಟ್ಟಿನ ಅವಧಿ ಬೆಳಿಗ್ಗೆ 6ರಿಂದ ಸಂಜೆ 6ರವರೆಗಿನ ಹನ್ನೆರಡು ಗಂಟೆಗೆ ಇಳಿಯಿತು, ಒಳಗೆ ತಂಗಿದವರು ಹೊರಡುವ ದಿನ 10 ಗಂಟೆಯೊಳಗೆ ಗೇಟು ದಾಟಬೇಕೆಂದಾಯಿತು. ಒಮ್ಮೆ ಸಿಂಹದ ಮರಿಗಳ ಮುಂದೆ ಮೈಮರೆತು ಇಪ್ಪತ್ತು ನಿಮಿಷ ತಡವಾಗಿ ಹೋಗಿ, ಆರು ಜನರ ಇಡೀ ದಿನದ ಶುಲ್ಕವನ್ನು ನನ್ನ ಜೇಬಿನಿಂದ ಕಟ್ಟಿದೆ. ತಪ್ಪು ನನ್ನದೇ.

ಆದರೆ ಈ ಏರಿಕೆಯೇ ನನ್ನ ಪದ್ಧತಿಗೆ ಗೆಳೆಯರಾರೂ ಕೊಡದ ಬೆಂಬಲ ಕೊಟ್ಟಿತು. ಹನ್ನೆರಡು ಗಂಟೆಯ ಟಿಕೆಟ್ಟಿಗೆ ಅಷ್ಟು ಹಣ ಕೊಟ್ಟು ಮಧ್ಯಾಹ್ನ ನಾಲ್ಕು ಗಂಟೆ ಟೆಂಟಿನಲ್ಲಿ ಮಲಗುವುದು ಯಾವ ಲೆಕ್ಕ ಎಂದು ಕೇಳಿದರೆ ಈಗ ಯಾರೂ ವಾದಿಸುವುದಿಲ್ಲ. ನಾನು ಜುಲೈನಿಂದ ಅಕ್ಟೋಬರ್‌ವರೆಗಿನ ವಲಸೆಯ ಜಾತ್ರೆಯನ್ನೇ ಬಿಟ್ಟು, ಅರ್ಧ ಶುಲ್ಕದ ಫೆಬ್ರವರಿಗೆ ಬಂದೆ; ಗೇಟಿನ ಹೊರಗಿನ ಅಗ್ಗದ ಕ್ಯಾಂಪು ಹಿಡಿದೆ. ಆಗ ದೊಡ್ಡ ಹಿಂಡುಗಳು ಕರು ಹಾಕಲು ಗಡಿಯಾಚೆ ತಾಂಜಾನಿಯಾದ ದಕ್ಷಿಣ ಸೆರೆಂಗೆಟಿಯ ಬಯಲುಗಳಲ್ಲಿರುತ್ತವೆ. ಮಾರಾದಲ್ಲಿ ಏನಿರುತ್ತದೆ ಎಂದು ಕೇಳುವವರಿಗೆ, ಜನ ಇರುವುದಿಲ್ಲ ಎನ್ನುತ್ತೇನೆ.

ಈಗ ಆ ಸರಣಿಯ ವಿಷಯ. ನಾಲ್ಕನೆಯ ದಿನ, ಬೆಳಿಗ್ಗೆ 7ರ ಸುಮಾರಿಗೆ, ಹುತ್ತವೊಂದರ ಮೇಲೆ ಚೀತಾ ತಾಯಿ, ಕೆಳಗೆ ನಾಲ್ಕೈದು ತಿಂಗಳ ಮೂರು ಮರಿಗಳು. ಒಂಬತ್ತರ ಹೊತ್ತಿಗೆ ಐದು ಗಾಡಿಗಳಾದವು, ಹತ್ತೂವರೆಗೆ ಎಲ್ಲವೂ ಕರಗಿದವು. ನಾವು ಚೀತಾದ ಹತ್ತಿರ ಹೋಗದೆ, ಸಣ್ಣ ಹುಲ್ಲೆಗಳಾದ ಥಾಮ್ಸನ್ ಗಜೆಲ್‌ಗಳು ಮೇಯುತ್ತಿದ್ದ ಕಡೆಗೆ ಸರಿದು ಎಂಜಿನ್ ನಿಲ್ಲಿಸಿದೆವು. ಯಾವ ಬದಿಗೆ ಸರಿಯಬೇಕೆಂಬುದನ್ನು ನಿರ್ಧರಿಸುವ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯಲಾರೆ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಹನ್ನೆರಡರ ನಂತರ, ನೂರೈವತ್ತು ಮೀಟರಿನಾಚೆ ಇನ್ನೊಂದು ಹುತ್ತದ ಮೇಲೆ ಕಾವಲು ನಿಂತಿದ್ದ ಟೋಪಿ ಎಂಬ ಜಿಂಕೆಯಂಥ ಪ್ರಾಣಿ ಉತ್ತರಕ್ಕೆ ಕತ್ತು ನಿಮಿರಿಸಿ ನೋಡತೊಡಗಿತು. ಕಬಿನಿಯಲ್ಲಿ ಮುಸಿಯದ ಎಚ್ಚರಿಕೆಯ ಕೂಗನ್ನು ನಂಬುವಂತೆ ಮಾರಾದಲ್ಲಿ ಟೋಪಿಯ ದೃಷ್ಟಿಯನ್ನು ನಂಬುತ್ತೇವೆ. ಮೂವರೂ ಲೆನ್ಸುಗಳನ್ನು ಉತ್ತರಕ್ಕೆ ತಿರುಗಿಸಿದರು. ಅದು ನೋಡುತ್ತಿದ್ದದ್ದು ದೂರದಲ್ಲಿ ಹೋಗುತ್ತಿದ್ದ ಕತ್ತೆಕಿರುಬವನ್ನು. ಟೋಪಿ ನಮಗೆ ಹೆಸರಿಗೆ ತಕ್ಕಂತೆ ಮಾಡಿತು. ಚಾಲಕ ಮಾತ್ರ "ಹಪಾನ" (ಅಲ್ಲ) ಎಂದು ತಲೆಯಾಡಿಸಿ ಮರಿಗಳತ್ತ ಬೆರಳು ತೋರಿಸಿದ: ಮೂರೂ ಮರಿಗಳು ನೆಲಕ್ಕೆ ಅಂಟಿಕೊಂಡಿದ್ದವು, ಬೆನ್ನಿನ ಬೂದು ಕೂದಲು ಮಾತ್ರ ಹುಲ್ಲಿನ ಮೇಲೆ ಅಲುಗುತ್ತಿತ್ತು.

ತಾಯಿ ಆಗಲೇ ಹೊರಟಿತ್ತು. ತಲೆ ಭುಜಕ್ಕಿಂತ ಕೆಳಗೆ, ನಡೆಯುವಾಗ ಎರಡು ಹೆಗಲ ಮೂಳೆಗಳು ಒಂದಾದ ಮೇಲೊಂದು ಮಗ್ಗದ ಕೋಲುಗಳಂತೆ ಏಳುತ್ತ ಇಳಿಯುತ್ತ. ಗಜೆಲ್ ತಲೆಯೆತ್ತಿದರೆ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲುತ್ತಿತ್ತು. ಓಟ ಹತ್ತು ಹನ್ನೆರಡು ಸೆಕೆಂಡಿನದು. ಆರಂಭದ ಚಿತ್ರಗಳು, ಅಂದರೆ ನೂರು ಮೀಟರಿನಾಚೆಯವು, ನೆಲದ ಕಾವಿಗೆ ನೀರಿನಲ್ಲಿ ಕಂಡಂತೆ ನಡುಗಿ ಮೂವರದ್ದೂ ವ್ಯರ್ಥವಾದವು. ಆದರೆ ಬೇಟೆ ತಿರುವು ತೆಗೆದುಕೊಂಡು ನಮ್ಮ ಕಡೆಗೇ ಬಂತು, ಹಿಡಿದದ್ದು ಗಾಡಿಯಿಂದ 25 ಮೀಟರಿನೊಳಗೆ. ಸೆಕೆಂಡಿನ 1/2500 ಶಟರ್ ವೇಗ, ಎಫ್ 5.6 ಅಪರ್ಚರ್, ಕೊನೆಯ ಮೂವತ್ತು ನಲವತ್ತು ಫ್ರೇಮುಗಳು ರೋಮ ಎಣಿಸುವಷ್ಟು ಚೂಪು. ತಾಯಿ ಬೇಟೆಯ ಕತ್ತನ್ನು ಹಿಡಿದೇ ಬಹಳ ಹೊತ್ತು ಏದುಸಿರು ಬಿಟ್ಟಿತು, ಆಮೇಲೆ ಹಕ್ಕಿಯಂತೆ ಚಿಲಿಪಿಲಿ ದನಿಯಲ್ಲಿ ಮರಿಗಳನ್ನು ಕರೆಯಿತು. ಮೊದಲ ಬೇರೆ ಗಾಡಿ ಬಂದಾಗ ಒಂದೂಕಾಲು. ಕತ್ತೆಕಿರುಬ ಅದಕ್ಕಿಂತ ಐದು ನಿಮಿಷ ಮೊದಲೇ ಬಂದು ಉಳಿದದ್ದನ್ನು ಹೊತ್ತೊಯ್ದಿತ್ತು.

ಇಡೀ ದಿನ ಗಾಡಿಯಲ್ಲಿ ಕೂರುವುದಕ್ಕೆ ಹೊಟ್ಟೆಯ ವ್ಯವಸ್ಥೆ ಬೇಕು. ಕ್ಯಾಂಪಿನ ಸ್ಯಾಂಡ್‌ವಿಚ್ ಎರಡನೆಯ ದಿನವೇ ಜನರ ಮುಖ ಬಾಡಿಸುತ್ತದೆ. ಆದ್ದರಿಂದ ಮೈಸೂರಿನಿಂದ ಪುಳಿಯೋಗರೆ ಗೊಜ್ಜನ್ನು ಒಯ್ದು, ಕ್ಯಾಂಪಿನಲ್ಲಿ ಅನ್ನ ಮಾತ್ರ ಮಾಡಿಸುತ್ತೇನೆ. ಇನ್ನೊಂದು ಅಗತ್ಯಕ್ಕೆ ಅಲ್ಲಿನ ಚಾಲಕರ ಸಭ್ಯ ಮಾತು "ಟೈರ್ ನೋಡಿ ಬರೋಣ" ಎಂಬುದು. ಎಲ್ಲಿ ಇಳಿಯಬಹುದೆಂಬುದನ್ನು ಅವರಿಗೇ ಬಿಡಬೇಕು.

ಲೆನ್ಸಿಗೆ ಆಸರೆಯಾಗಿ ಇಡುವ ಬೀನ್ ಬ್ಯಾಗಿನ ಮೇಲೂ ಸುಮ್ಮನೆ ಒಂದಷ್ಟು ಪ್ರಯೋಗ ಮಾಡಿದೆ. ಥರ್ಮೋಕೋಲ್ ಗುಳಿಗೆ ತುಂಬಿದರೆ 600 ಎಂಎಂ ಲೆನ್ಸು ಜಾರುತ್ತದೆ. ರಾಗಿ ಅದ್ಭುತವಾಗಿ ಕೂರುತ್ತದೆ, ಆದರೆ ಹೊಲಿಗೆಯಲ್ಲಿ ಸೋರಿ ಕ್ಯಾಮೆರಾದ ಗುಂಡಿಗಳ ಸಂದಿಗೆ ಸೇರುತ್ತದೆ. ಈಗ ಖಾಲಿ ಚೀಲ ಒಯ್ದು ನರೋಕ್ ಪೇಟೆಯಲ್ಲಿ ಮುಸುಕಿನ ಜೋಳದ ಕಾಳು, ಬೀನ್ಸ್ ಕಾಳು ಬೆರೆಸಿ ತುಂಬುತ್ತೇನೆ. ಕೊನೆಯ ದಿನ ಅದು ಕ್ಯಾಂಪಿನ ಅಡುಗೆಮನೆಗೆ ಹೋಗಿ, ಇವೆರಡನ್ನೂ ಬೇಯಿಸಿ ಮಾಡುವ ಅಲ್ಲಿನ ಗಿಥೇರಿಯಾಗುತ್ತದೆ. ಕ್ಯಾಮೆರಾವನ್ನು ಮಾನೊಪಾಡಿಗೆ (ಒಂಟಿ ಕಾಲಿನ ಸ್ಟ್ಯಾಂಡು) ತಲೆಕೆಳಗಾಗಿ ಕಟ್ಟಿ ಬಾಗಿಲಿನಿಂದ ಇಳಿಬಿಟ್ಟು ಕತ್ತೆಕಿರುಬದ ಮರಿಗಳನ್ನು ನೆಲಮಟ್ಟದಲ್ಲಿ ತೆಗೆಯುವ ಪ್ರಯೋಗವೂ ನಡೆಯಿತು. ಎರಡು ಒಳ್ಳೆಯ ಚಿತ್ರ ಸಿಕ್ಕವು. ಮೂರನೆಯದಕ್ಕೆ ಮರಿ ಟ್ರಿಗರ್ ಕೇಬಲನ್ನೇ ಅಗಿದು ಹಾಕಿತು.

ಫೆಬ್ರವರಿಯ ತಂಡದಲ್ಲಿ ಖರ್ಚೆಲ್ಲ ಕಳೆದು ನನಗೆ ಎರಡೂಕಾಲು ಲಕ್ಷದಷ್ಟು ಉಳಿಯಿತು, ಆರರಲ್ಲಿ ನಾಲ್ವರು ಮತ್ತೆ ಹೆಸರು ಬರೆಸಿದರು. ಚಿರತೆ ಮಾತ್ರ ಇನ್ನೂ ನನಗೆ ಒಲಿದಿಲ್ಲ. ಹಳ್ಳದ ಬದಿಯ ಒಂದು ಸಾಸೇಜ್ ಮರದ ಕೆಳಗೆ ಮೂರು ಪ್ರವಾಸಗಳಲ್ಲಿ ಸೇರಿ ಇಪ್ಪತ್ತೈದು ಗಂಟೆಗೂ ಹೆಚ್ಚು ಕುಳಿತಿದ್ದೇನೆ. ಈವರೆಗೆ ಸಿಕ್ಕಿದ್ದು ಎಲೆಗಳ ನಡುವೆ ಜೋತುಬಿದ್ದ ಒಂದು ಬಾಲ. ಮುಂದಿನ ಜೂನ್ ಪ್ರವಾಸದಲ್ಲಿ ಆ ಮರಕ್ಕೇ ಎರಡು ದಿನ ಮೀಸಲಿಟ್ಟಿದ್ದೇನೆ. ಶ್ರೀರಂಗಪಟ್ಟಣದ ಮಾತು ಹೇಳಿದ ಬ್ಯಾಂಕ್ ಅಧಿಕಾರಿಗಳು ತಾವೂ ಬರುವುದಾಗಿ ಮುಂಗಡ ಕಳುಹಿಸಿದ್ದಾರೆ, ಗೊಜ್ಜನ್ನು ಸ್ವಲ್ಪ ಹೆಚ್ಚಿಗೆ ತರಲು ಹೇಳಿದ್ದಾರೆ.