ಒಂದು ಶೇಷ ತಪ್ಪಿದಾಗ: 536870911ನ್ನು ಒಡೆದ ಬಗೆ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಕಿರ್ದಿ ಬರೆಯುವ ನನಗೆ, ಆವಕ ಇಳಿದ ಮಳೆಗಾಲದ ಮಧ್ಯಾಹ್ನಗಳಲ್ಲಿ ದೊಡ್ಡ ಸಂಖ್ಯೆಗಳನ್ನು ಕೈಲೆಕ್ಕದಿಂದಲೇ ಒಡೆಯುವ ಗೀಳಿದೆ. ಈ ಸಲ ಹಿಡಿದದ್ದು 536870911, ಅಂದರೆ 2ರ 29ನೆಯ ಘಾತದಿಂದ 1 ಕಳೆದ ಸಂಖ್ಯೆ. (ಕಳೆಯುವ ಮೊದಲಿನ 536870912ರಲ್ಲಿ 4 ಒಂದನ್ನು ಬಿಟ್ಟು ಉಳಿದ ಒಂಬತ್ತೂ ಅಂಕಿಗಳು ಒಂದೊಂದೇ ಸಲ ಬರುತ್ತವೆ, ನಾನು ಮರುಳಾದದ್ದು ಅದಕ್ಕೇ.) 1644ರಲ್ಲಿ ಫ್ರೆಂಚ್ ಗಣಿತಜ್ಞ ಮರ್ಸೆನ್ ಕೊಟ್ಟ, 2ರ ಘಾತದಿಂದ 1 ಕಳೆದಾಗ ಬರುವ ಅವಿಭಾಜ್ಯಗಳ ಪಟ್ಟಿಯಲ್ಲಿ 29ರ ಘಾತ ಇಲ್ಲವಾದರೂ, 67ರ ಘಾತವನ್ನು ತಪ್ಪಾಗಿ ಸೇರಿಸಿ 61ರದ್ದನ್ನು ಬಿಟ್ಟ ಪಟ್ಟಿ ಅದಾದ್ದರಿಂದ ನಾನೇ ಭಾಗಿಸಿ ನೋಡಲು ಕುಳಿತೆ.

ಈ ಸಂಖ್ಯೆಯ ವರ್ಗಮೂಲ 23170ನ್ನು ದಾಟುತ್ತದೆ, ಅಷ್ಟರೊಳಗೆ ಎರಡು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಅವೆಲ್ಲವೂ ಬೇಕಾಗುವುದಿಲ್ಲ. p ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, ಫರ್ಮಾನ ಕಿರು ಪ್ರಮೇಯದ (p ಭಾಗಿಸದ ಸಂಖ್ಯೆಯ p−1ನೆಯ ಘಾತವನ್ನು p ಇಂದ ಭಾಗಿಸಿದರೆ 1 ಉಳಿಯುತ್ತದೆ ಎಂಬುದರ) ಪ್ರಕಾರ p−1 ಎಂಬುದು 29ರ ಗುಣಕವಾಗಿರಬೇಕು. p ಬೆಸವಾದ್ದರಿಂದ 58ರ ಗುಣಕವೇ ಆಗಬೇಕು. ಇದಲ್ಲದೆ, 2ರ 29ನೆಯ ಘಾತವನ್ನು p ಇಂದ ಭಾಗಿಸಿದಾಗ 1 ಉಳಿಯುವುದರಿಂದ 30ನೆಯ ಘಾತಕ್ಕೆ 2 ಉಳಿಯುತ್ತದೆ. 30ನೆಯ ಘಾತವಾದರೋ 15ನೆಯ ಘಾತದ ವರ್ಗ. ಹೀಗೆ p ಭಾಜಕವಾದಾಗ 2 ಒಂದು ವರ್ಗದ ಶೇಷವಾಗುವುದರಿಂದ, p ಯನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಉಳಿಯಬೇಕು. ಈ ಎರಡು ಜರಡಿಗಳಲ್ಲಿ ಮೊದಲನೆಯದನ್ನು ದಾಟಿದ 59 ಎರಡನೆಯದರಲ್ಲಿ ಬಿದ್ದುಹೋಗುತ್ತದೆ. ಉಳಿಯುವ ಮೊದಲ ಅವಿಭಾಜ್ಯ 233. ಅದು ನಿಶ್ಶೇಷವಾಗಿ ಭಾಗಿಸಿ 2304167 ಬಂದಿತು.

ಇದರ ವರ್ಗಮೂಲ 1517ರ ಆಸುಪಾಸು. ಅಲ್ಲಿಯವರೆಗೆ ಪರೀಕ್ಷಿಸಬೇಕಾದವು ಮತ್ತೊಮ್ಮೆ 233, ಆಮೇಲೆ 929 ಮತ್ತು 1103, ಮೂರೇ. 233ಕ್ಕೆ 30 ಉಳಿಯಿತು, 929ಕ್ಕೆ 247, 1103ಕ್ಕೆ 1003. ಹಾಗಾಗಿ 2304167 ಅವಿಭಾಜ್ಯವೆಂದು ಬರೆದು ಅಡಿಗೆರೆ ಎಳೆದುಬಿಟ್ಟೆ.

ಕಿರ್ದಿಯ ಗುಣಾಕಾರಗಳನ್ನು ಒಂಬತ್ತು ಕಳೆದು, ಅಂದರೆ ಅಂಕಿಗಳನ್ನು ಕೂಡುತ್ತ ಒಂದಂಕಿಗೆ ಇಳಿಸಿ, ಎರಡೂ ಕಡೆ ತಾಳೆ ನೋಡುವ ಅಭ್ಯಾಸ ನನಗಿದೆ, ಆದರೆ ಭಾಗಾಕಾರ ನಿಶ್ಶೇಷವಾಗದಿದ್ದಾಗ ತಾಳೆ ನೋಡುವ ಉತ್ಸಾಹ ಯಾರಿಗೂ ಇರುವುದಿಲ್ಲ. ಭಾಜಕ ಸಿಕ್ಕರೆ ಗುಣಿಸಿದೊಡನೆ ಗೊತ್ತಾಗುತ್ತದೆ; ಸಿಗಲಿಲ್ಲವೆಂಬುದು ಪೂರ್ತಿ ಶೇಷದ ಮೇಲೆ ನಿಂತ ಮಾತು. ಮರುದಿನ ಮೂರನ್ನೂ ತಾಳೆ ನೋಡಿದೆ. 2304167ರ ಅಂಕಿಗಳ ಮೊತ್ತ 23, ಅಂದರೆ 5. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿದಾಗಲೂ ಅಷ್ಟೇ ಬರಬೇಕು. ಮೊದಲ ಎರಡು ಭಾಗಾಕಾರಗಳಲ್ಲಿ 5 ಬಂತು, 1103ರದ್ದರಲ್ಲಿ 4. ಹುಡುಕಿದರೆ, 9816ರಿಂದ 8824 ಕಳೆಯುವಲ್ಲಿ 992 ಬರೆಯುವ ಬದಲು 982 ಬರೆದಿದ್ದೆ. ತಿದ್ದಿದ ಮೇಲೆ ಶೇಷ ಸೊನ್ನೆಯಾಯಿತು, ಭಾಗಲಬ್ಧ 2089.

ಆದ್ದರಿಂದ 536870911 = 233 × 1103 × 2089. ಕೊನೆಯದು ಇನ್ನೂ ಒಡೆಯಬೇಕಾದರೆ 45ರೊಳಗೆ ಒಂದು ಅವಿಭಾಜ್ಯ ಭಾಜಕ ಬೇಕು. ಜರಡಿಯಲ್ಲಿ ಉಳಿದ ಅತಿ ಸಣ್ಣದೇ 233.